ಕಂದು ಬಣ್ಣದ ಪುಸ್ತಿಕೆ

ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅಟ್ಟದ ಮೇಲಿನ ಟ್ರಂಕನ್ನು ಇಳಿಸಿ, ಅದರೊಳಗಿನ ಕಾಗದಪತ್ರಗಳನ್ನು ಬಿಸಿಲಿಗೆ ಹರವುವುದು ನಮ್ಮ ಮನೆಯ ಪದ್ಧತಿ. ಈ ಸಲ ಹಾಗೆ ಹರವುತ್ತಿದ್ದಾಗ ಒಂದು ಹಳೆಯ ಝೆರಾಕ್ಸ್ ಪ್ರತಿ ಕೈಗೆ ಸಿಕ್ಕಿತು. ಅದು ಸೌದಿ ಅರೇಬಿಯಾದಲ್ಲಿ ನಾನಿದ್ದ ಮೂರು ವರ್ಷಗಳ ಕಾಲ ನನ್ನ ಅಂಗಿಯ ಕಿಸೆಯಲ್ಲಿದ್ದ 'ಇಕಾಮಾ'ದ ನಕಲು. ಇಕಾಮಾ ಎಂದರೆ ಅಲ್ಲಿ ದುಡಿಯಲು ಬಂದ ಪರದೇಶದವರಿಗೆ ಸರಕಾರ ಕೊಡುವ ವಾಸದ ಪರವಾನಗಿ. ಈಗ ಅದು ಪ್ಲಾಸ್ಟಿಕ್ ಕಾರ್ಡಾಗಿದೆ. ಆಗ ಚಿಕ್ಕ ಪುಸ್ತಿಕೆಯಾಗಿತ್ತು. ದೇಶ ಬಿಟ್ಟು ಬರುವಾಗ ಮೂಲ ಪುಸ್ತಿಕೆಯನ್ನು ಒಪ್ಪಿಸಿ ಬರಬೇಕಾದ್ದರಿಂದ ನನ್ನಲ್ಲಿ ಉಳಿದದ್ದು ನಕಲು ಮಾತ್ರ. ಅದರಲ್ಲಿ ನನ್ನ ಭಾವಚಿತ್ರವಿದೆ, ಅರಬ್ಬಿಯಲ್ಲಿ ಬರೆದ ನನ್ನ ಹೆಸರಿದೆ. ಪುಸ್ತಿಕೆಯ ಹೊದಿಕೆಯ ಬಣ್ಣ ಮಾತ್ರ ನಕಲಿನಲ್ಲಿ ಬಂದಿಲ್ಲ. ಆ ಬಣ್ಣದ ವಿಷಯವಾಗಿಯೇ ಇಂದು ನಾಲ್ಕು ಮಾತು ಬರೆಯಬೇಕೆನಿಸಿದೆ.

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆಯವರು ಕೊಲ್ಲಿ ದೇಶಗಳಿಗೆ ಹೋಗುವುದು ಕಡಿಮೆ. ನಮ್ಮ ಹುಡುಗರು ಪುಣೆ, ಬೆಂಗಳೂರು ಎಂದು ಹೊರಟು ಅಲ್ಲಿಂದ ಅಮೆರಿಕದ ದಾರಿ ಹಿಡಿಯುತ್ತಾರೆ. ಕೊಲ್ಲಿಯ ದಾರಿ ಕರಾವಳಿಯವರದು. ದಕ್ಷಿಣ ಕನ್ನಡ, ಉಡುಪಿ, ಭಟ್ಕಳದವರದು. ಆದರೂ 2002ರಲ್ಲಿ ನಾನು ಹೊರಟೆ. ಅನುದಾನಿತ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕನ ಸಂಬಳದಲ್ಲಿ ಮಗಳ ಮುಂದಿನ ಓದು ಸಾಗುವಂತಿರಲಿಲ್ಲ. ವಿದ್ಯಾನಗರದ ಮನೆಯ ಸಾಲವೂ ತೀರಿರಲಿಲ್ಲ. ದಮ್ಮಾಮಿನ ಒಂದು ಭಾರತೀಯ ಶಾಲೆಗೆ ಶಿಕ್ಷಕರು ಬೇಕೆಂಬ ಜಾಹೀರಾತು ನೋಡಿ ಅರ್ಜಿ ಹಾಕಿದೆ. ವೇತನರಹಿತ ರಜೆ ಮಂಜೂರಾಯಿತು. ಒಂದು ರಾತ್ರಿ ಮುಂಬೈ ಬಸ್ಸು ಹತ್ತಿದೆ. ಆಗ ನನಗೆ ನಲವತ್ತೆರಡು ವರ್ಷ. ಅದಕ್ಕೆ ಮೊದಲು ವಿಮಾನವನ್ನು ಹತ್ತಿರದಿಂದ ಕಂಡವನೂ ಅಲ್ಲ.

ಅಲ್ಲಿಗೆ ಹೋದ ಕೆಲವು ವಾರಗಳಲ್ಲಿ ಇಕಾಮಾ ಕೈಗೆ ಬಂತು. ನನ್ನದು ಕಂದು ಬಣ್ಣದ ಹೊದಿಕೆಯದು. ನನ್ನ ಜೊತೆಗೇ ಸೇರಿದ ಹೈದರಾಬಾದಿನ ಉರ್ದು ಶಿಕ್ಷಕರದು ಹಸಿರು. ಮುಸ್ಲಿಮರಿಗೆ ಹಸಿರು, ಉಳಿದವರಿಗೆ ಕಂದು ಎಂದು ಅವರೇ ತಿಳಿಸಿದರು. ನಾನು ನಕ್ಕು ಸುಮ್ಮನಾದೆ. ಶಾಲೆಯಲ್ಲಿ ಒಂದೇ ಸಿಬ್ಬಂದಿ ಕೊಠಡಿ, ಒಂದೇ ಚಹಾ, ಒಂದೇ ಉತ್ತರಪತ್ರಿಕೆಗಳ ರಾಶಿ. ಬಣ್ಣದ ಮಾತು ಮನಸ್ಸಿನಿಂದ ಮರೆಯಾಯಿತು.

ನಾನು ಬಿಡಾರ ಹೂಡಿದ್ದು ದಮ್ಮಾಮಿಗೆ ಹತ್ತಿರದ ಅಲ್-ಖೋಬರ್ ನಗರದ ಥುಕ್ಬಾ ಎಂಬ ಭಾಗದಲ್ಲಿ. ಕೂಲಿಕಾರರು, ಚಾಲಕರು, ಸಣ್ಣ ಅಂಗಡಿಯವರು ಇರುವ ಜಾಗ. ನನ್ನ ಕೋಣೆಯ ಕೆಳಗೆ ಒಂದು ಬಖಾಲಾ, ಅಂದರೆ ಕಿರಾಣಿ ಅಂಗಡಿ, ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಮಂಗಳೂರು ಕಡೆಯ ಒಬ್ಬ ಬ್ಯಾರಿ ಗೃಹಸ್ಥರು. ನನ್ನ ಬಾಯಿಯಿಂದ ಕನ್ನಡ ಕೇಳಿದ ಮೊದಲ ದಿನವೇ "ಎಂಥ ಮಾಷ್ಟ್ರೇ, ಯಾವ ಊರು ನಿಮ್ಮದು?" ಎಂದು ಕೇಳಿದರು. ಹುಬ್ಬಳ್ಳಿ ಎಂದೆ. "ಓ, ಅಲ್ಲಿಯ ಕನ್ನಡ ಬೇರೆ ಅಲ್ವಾ, ಬೈದ ಹಾಗೆ ಕೇಳ್ತದೆ" ಎಂದು ನಕ್ಕರು. ಅಂದಿನಿಂದ ಮೂರು ವರ್ಷ ನನ್ನ ಹಾಲು, ಮೊಸರು, ಊರಿಗೆ ಫೋನು ಮಾಡುವ ಕಾರ್ಡು ಎಲ್ಲವೂ ಅವರ ಅಂಗಡಿಯವೇ. ನಮಾಜಿನ ಹೊತ್ತಿಗೆ ಅಂಗಡಿ ಮುಚ್ಚಿದಾಗ ನಾನು ಹೊರಗಿನ ಕಟ್ಟೆಯ ಮೇಲೆ ಕಾಯುತ್ತಿದ್ದೆ. ತಿರುಗಿ ಬಂದು ಬಾಗಿಲು ತೆಗೆದು ಮೊದಲು ನನ್ನ ಸಾಮಾನು ಕಟ್ಟುತ್ತಿದ್ದರು.

ಆ ಮೂರು ವರ್ಷಗಳು ಆ ದೇಶಕ್ಕೂ ಕೆಟ್ಟ ಕಾಲ. 2003ರ ಮೇ 12ರಂದು ರಿಯಾಧಿನಲ್ಲಿ ಪರದೇಶದವರು ವಾಸಿಸುವ ಮೂರು ಬಡಾವಣೆಗಳ ಮೇಲೆ ಬಾಂಬು ದಾಳಿಯಾಯಿತು. ಅದೇ ನವೆಂಬರಿನಲ್ಲಿ ಮುಹಯ್ಯಾ ಎಂಬ ಬಡಾವಣೆಯ ಮೇಲೆ ಮತ್ತೊಂದು. ಅಲ್ಲಿ ಸತ್ತವರಲ್ಲಿ ಹೆಚ್ಚಿನವರು ಅರಬ್ಬರೇ. ಪತ್ರಿಕೆ ಓದಿ "ಅದು ರಿಯಾಧ್, ನಮಗೆ ನಾಲ್ಕು ನೂರು ಕಿಲೋಮೀಟರು ದೂರ" ಎಂದು ನಾವು ನಾವೇ ಸಮಾಧಾನ ಹೇಳಿಕೊಂಡೆವು. ಪರದೇಶದಲ್ಲಿ ಇರುವವನಿಗೆ ಇಂಥ ಲೆಕ್ಕಾಚಾರ ಬೇಗ ರೂಢಿಯಾಗುತ್ತದೆ.

2004ರ ಮೇ 29, ಶನಿವಾರ. ಆಗ ಅಲ್ಲಿ ಗುರುವಾರ, ಶುಕ್ರವಾರ ವಾರದ ರಜೆ. ಶನಿವಾರ ವಾರದ ಮೊದಲ ಕೆಲಸದ ದಿನ. ಬೆಳಿಗ್ಗೆ ಬಸ್ಸಿನಲ್ಲಿ ದಮ್ಮಾಮಿನ ಶಾಲೆ ತಲುಪಿ ಪಾಠ ಆರಂಭಿಸಿದ್ದೆ. ಎರಡನೆಯ ಅವಧಿ ಮುಗಿಯುವುದರೊಳಗೆ ಸುದ್ದಿ ಬಂತು. ಅಲ್-ಖೋಬರಿನಲ್ಲಿ ತೈಲ ಕಂಪನಿಗಳ ಎರಡು ಆವರಣಗಳಿಗೆ ಬಂದೂಕುಧಾರಿಗಳು ನುಗ್ಗಿ, ಅಲ್ಲಿಂದ ಓಯಸಿಸ್ ಎಂಬ ವಸತಿ ಬಡಾವಣೆಗೆ ಹೋಗಿ ಜನರನ್ನು ಒತ್ತೆ ಇಟ್ಟುಕೊಂಡಿದ್ದಾರೆ ಎಂದು. ಸುಮಾರು ಇಪ್ಪತ್ತೈದು ಗಂಟೆಗಳ ಕಾಲ ಆ ಹಿಂಸೆ ನಡೆಯಿತು. ಕೊನೆಗೆ ಸೈನಿಕರು ಹೆಲಿಕಾಪ್ಟರಿನಿಂದ ಇಳಿದು ಉಳಿದವರನ್ನು ಬಿಡಿಸಿದರು. ಸತ್ತವರು 22 ಜನ; ಅವರಲ್ಲಿ 8 ಜನ ನಮ್ಮ ಭಾರತದವರು. ಹತ್ತು ವರ್ಷದ ಒಬ್ಬ ಈಜಿಪ್ಟಿನ ಬಾಲಕನೂ ಸತ್ತ. ಪಾರಾಗಿ ಬಂದವರು ಹೇಳಿದ ಸಂಗತಿ ಮರುದಿನ ಎಲ್ಲರ ಬಾಯಲ್ಲಿತ್ತು. ಬಂದೂಕುಧಾರಿಗಳು ಎದುರು ಸಿಕ್ಕವರನ್ನು "ನೀನು ಮುಸ್ಲಿಮನೋ ಅಲ್ಲವೋ" ಎಂದು ಕೇಳುತ್ತಿದ್ದರಂತೆ. ಹೌದೆಂದವರನ್ನು ಬಿಟ್ಟರಂತೆ.

ಆ ಮಾತು ಕಿವಿಗೆ ಬಿದ್ದಾಗ ನನ್ನ ಕೈ ತಾನಾಗಿಯೇ ಅಂಗಿಯ ಕಿಸೆಗೆ ಹೋಯಿತು. ಎರಡು ವರ್ಷ ನಾನು ಮರೆತಿದ್ದ ಬಣ್ಣ ಆಗ ನೆನಪಾಯಿತು.

ಮಧ್ಯಾಹ್ನ ಮಕ್ಕಳನ್ನು ಪಾಲಕರ ಕೈಗೆ ಒಪ್ಪಿಸುತ್ತಿದ್ದಾಗ ಬಖಾಲಾದ ಗೃಹಸ್ಥರ ಫೋನು ಬಂತು. "ಮಾಷ್ಟ್ರೇ, ಇವತ್ತು ರೂಮಿಗೆ ಬರ್ಬೇಡಿ. ಈಚೆ ಎಲ್ಲ ಪೊಲೀಸರು, ರಸ್ತೆ ಬಂದ್. ನೀವು ಶಾಲೆಯಲ್ಲೇ ನಿಲ್ಲಿ. ನನ್ನ ತಮ್ಮ ಬರ್ತಾನೆ, ಅವನ ಮನೆಗೆ ಹೋಗಿ." ಅವರ ತಮ್ಮ ದಮ್ಮಾಮಿನಲ್ಲಿ ಕುಟುಂಬ ಸಮೇತ ಇದ್ದವರು; ನಾನು ಅವರನ್ನು ಒಮ್ಮೆಯೂ ಕಂಡಿರಲಿಲ್ಲ. ಸಂಜೆ ಅವರು ಪಿಕಪ್ ವಾಹನ ತಂದು ನಿಲ್ಲಿಸಿದರು. ಹತ್ತುವ ಮೊದಲು ನಾನು ಅಳುಕುತ್ತ ನನ್ನ ಪುಸ್ತಿಕೆಯನ್ನು ತೋರಿಸಿ, "ಇದನ್ನು ಶಾಲೆಯಲ್ಲೇ ಬಿಟ್ಟು ಬರಲೇ?" ಎಂದು ಕೇಳಿದೆ. ಅದು ಕಿಸೆಯಲ್ಲಿದ್ದರೆ ದುಷ್ಟರಿಗೆ ನಾನು ಯಾರೆಂದು ತಿಳಿಯುತ್ತದೆ. ಇಲ್ಲದಿದ್ದರೆ ಪೊಲೀಸರ ಕಣ್ಣಿಗೆ ಅಪರಾಧಿಯಾಗುತ್ತೇನೆ. ಆ ತರುಣ ಕ್ಷಣ ಯೋಚಿಸಿ ಹೇಳಿದ: "ಪೊಲೀಸರು ಕೇಳಿದ್ರೆ ಬೇಕಲ್ವಾ ಮಾಷ್ಟ್ರೇ, ಕಿಸೆಯಲ್ಲೇ ಇರಲಿ. ಬೇರೆ ಯಾರಾದ್ರೂ ಕೇಳಿದ್ರೆ ನೀವು ಮಾತಾಡ್ಬೇಡಿ, ನಾನು ಮಾತಾಡ್ತೇನೆ."

ಎರಡು ರಾತ್ರಿ ಆ ಮನೆಯಲ್ಲಿದ್ದೆ. ಎರಡೇ ಕೋಣೆಗಳ ಮನೆ. ಹೆಂಡತಿ, ಎರಡು ಚಿಕ್ಕ ಮಕ್ಕಳು. ಮುಂದಿನ ಕೋಣೆಯನ್ನು ನನಗೆ ಬಿಟ್ಟು ಅವರು ನಾಲ್ವರೂ ಒಳಗಿನ ಕೋಣೆಯಲ್ಲಿ ಮಲಗಿದರು. ನಾನು ಮಾಂಸ ಮುಟ್ಟುವುದಿಲ್ಲವೆಂದು ಅಣ್ಣ ಮೊದಲೇ ಹೇಳಿದ್ದರಂತೆ. ಬೇಳೆ ಸಾರು, ಅನ್ನ, ಉಪ್ಪಿನಕಾಯಿ ಇಟ್ಟರು. ನನ್ನಂಥವನನ್ನು ಮನೆಯಲ್ಲಿ ಇರಿಸಿಕೊಂಡದ್ದಕ್ಕೆ ತಮಗೇನಾದೀತು ಎಂಬ ಪ್ರಶ್ನೆಯನ್ನು ಅವರು ನನ್ನ ಎದುರು ಎತ್ತಲಿಲ್ಲ. ರಾತ್ರಿ ಅಲ್ಲಿಂದಲೇ ಹುಬ್ಬಳ್ಳಿಗೆ ಫೋನು ಮಾಡಿದೆ. ದೂರದರ್ಶನದಲ್ಲಿ ಸುದ್ದಿ ನೋಡಿ ಕುಳಿತಿದ್ದ ನನ್ನ ಹೆಂಡತಿಗೆ ಬಹಳ ಹೊತ್ತು ಮಾತೇ ಹೊರಡಲಿಲ್ಲ. ಆಮೇಲೆ "ಊಟಾ ಆತೇನ್ರೀ?" ಎಂದಳು.

ಇಷ್ಟನ್ನು ನಾನು ಬೇಕಾದಷ್ಟು ಜನರಿಗೆ ಹೇಳಿದ್ದೇನೆ. ಬೀಳ್ಕೊಡುಗೆ ಸಮಾರಂಭಗಳಲ್ಲಿ, ಉಣಕಲ್ ಕೆರೆಯ ದಂಡೆಯ ಬೆಳಗಿನ ನಡಿಗೆಯಲ್ಲಿ, ಮಕ್ಕಳಿಗೆ ಪಾಠದ ನಡುವೆ. ಕೇಳಿದವರು ತಲೆದೂಗುತ್ತಾರೆ. ಇದರ ಮುಂದಿನ ಭಾಗವನ್ನು ನಾನು ಯಾರಿಗೂ ಹೇಳಿಲ್ಲ.

2005ರಲ್ಲಿ ಊರಿಗೆ ಬಂದು ಮತ್ತೆ ಶಾಲೆಗೆ ಸೇರಿದೆ. ತಂದ ಹಣದಲ್ಲಿ ಸಾಲ ತೀರಿತು. ಉಳಿದದ್ದರಲ್ಲಿ ಮನೆಯ ಮಾಳಿಗೆಯ ಮೇಲೆ ಒಂದು ಖೋಲಿ ಕಟ್ಟಿಸಿದೆ. ವಿದ್ಯಾನಗರದಲ್ಲಿ ಕಾಲೇಜುಗಳಿಗೆ ಬರವಿಲ್ಲ. ಬಿ.ವಿ.ಬಿ., ಜಾಬಿನ್ ವಿಜ್ಞಾನ ಕಾಲೇಜು, ಆಗ ಕಿಮ್ಸ್ ಎಂದು ಹೆಸರಾಗಿದ್ದ ಸರಕಾರಿ ವೈದ್ಯಕೀಯ ಕಾಲೇಜು ಎಲ್ಲವೂ ಕೂಗಳತೆಯಲ್ಲಿವೆ. ಬಾಡಿಗೆಗೆ ಹುಡುಗರು ತಾವೇ ಹುಡುಕಿಕೊಂಡು ಬರುತ್ತಿದ್ದರು.

2007ರಿಂದ ಗಾಳಿ ಬದಲಾಯಿತು. ಆ ವರ್ಷ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣದ ಬಾಗಿಲಿಗೆ ಉರಿಯುವ ಜೀಪು ನುಗ್ಗಿಸಿದವರಲ್ಲಿ ಬೆಂಗಳೂರಿನ ಎಂಜಿನಿಯರ್ ಕಫೀಲ್ ಅಹ್ಮದ್ ಒಬ್ಬ. ಸುಟ್ಟ ಗಾಯಗಳಿಂದ ಆತ ಆಗಸ್ಟಿನಲ್ಲಿ ಸತ್ತ. ನಮ್ಮದೇ ನಾಡಿನಲ್ಲಿ ಓದಿದವನೊಬ್ಬ ಹೀಗೆ ಮಾಡಿದನೆಂಬುದು ಸುಳ್ಳಲ್ಲ. ಅದನ್ನು ಮರೆಮಾಚಿ ನನ್ನ ವಾದವನ್ನು ಮುಂದಿಡಲಾರೆ. ಆ ದಾಳಿಯ ಎರಡೇ ದಿನಗಳ ಬಳಿಕ, ಜುಲೈ 2ರಂದು, ಆಸ್ಟ್ರೇಲಿಯದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಡಾ. ಮೊಹಮ್ಮದ್ ಹನೀಫ್ ಅವರನ್ನು ಬಂಧಿಸಿದರು. ಮೂಡಿಗೆರೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ವೈದ್ಯಕೀಯ ಓದಿ, ಅಲ್ಲಿನ ಗೋಲ್ಡ್ ಕೋಸ್ಟಿನಲ್ಲಿ ಕೆಲಸ ಮಾಡುತ್ತಿದ್ದ ತರುಣ ವೈದ್ಯರು. ಆಗಷ್ಟೇ ಹುಟ್ಟಿದ ಮಗಳನ್ನು ನೋಡಲು ಊರಿಗೆ ಹೊರಟಿದ್ದರು. ಅವರ ಮೇಲಿನ ಸಂಶಯಕ್ಕೆ ಮುಖ್ಯ ಆಧಾರ, ಇಂಗ್ಲೆಂಡು ಬಿಡುವಾಗ ದೂರದ ಸಂಬಂಧಿಯಾದ ಕಫೀಲನ ತಮ್ಮನಿಗೆ ಬಿಟ್ಟುಬಂದ ಒಂದು ಮೊಬೈಲ್ ಸಿಮ್ ಕಾರ್ಡು. ಅದು ಉರಿದ ಜೀಪಿನಲ್ಲಿ ಸಿಕ್ಕಿತೆಂದು ನ್ಯಾಯಾಲಯದಲ್ಲಿ ಹೇಳಿದರು. ಅದು ಸಿಕ್ಕದ್ದು ನೂರಾರು ಮೈಲಿ ದೂರದ ಲಿವರ್‌ಪೂಲಿನಲ್ಲಿ ಎಂದು ಬಳಿಕ ತಿಳಿಯಿತು. ಆರೋಪ ಹೊರಿಸುವ ಮೊದಲೇ ಹನ್ನೆರಡು ದಿನ ಹಿಡಿದಿಟ್ಟಿದ್ದರು. ಜುಲೈ 27ಕ್ಕೆ ಆರೋಪ ಕೈಬಿಟ್ಟರು. 29ಕ್ಕೆ ಅವರು ಬೆಂಗಳೂರಿಗೆ ಬಂದರು. ಮುಂದೆ ಅಲ್ಲಿನ ಸರಕಾರವೇ ನೇಮಿಸಿದ ಕ್ಲಾರ್ಕ್ ವಿಚಾರಣೆ ಅವರ ವಿರುದ್ಧ ಸಾಕ್ಷ್ಯವಿರಲಿಲ್ಲವೆಂದು ಹೇಳಿತು. 2010ರಲ್ಲಿ ಪರಿಹಾರ ದೊರೆಯಿತು. ತಪ್ಪು ಮಾಡಿದ ದೇಶ ತಪ್ಪನ್ನು ಬಹಿರಂಗವಾಗಿ ಪರಿಶೀಲಿಸಿ ಒಪ್ಪಿಕೊಂಡಿತು ಎಂಬುದನ್ನೂ ಹೇಳಲೇಬೇಕು.

ಆ ಜುಲೈಯಲ್ಲಿ ನಾನು ಸಿಬ್ಬಂದಿ ಕೊಠಡಿಯಲ್ಲಿ ಹನೀಫರ ಪರವಾಗಿ ಗಟ್ಟಿಯಾಗಿ ಮಾತಾಡಿದೆ. ಪರದೇಶದಲ್ಲಿ ಇದ್ದುಬಂದವನು ನಾನೊಬ್ಬನೇ. ಹೆಸರು ನೋಡಿ ಮನುಷ್ಯನನ್ನು ಅಳೆಯುವುದು ಎಂಥ ಅನ್ಯಾಯವೆಂದು ನನಗೆ ಗೊತ್ತಿದೆ ಎಂಬ ಅಭಿಮಾನ ನನ್ನಲ್ಲಿತ್ತು.

ಆರೇ ತಿಂಗಳಲ್ಲಿ ಅದೇ ಗಾಳಿ ನಮ್ಮ ಬೀದಿಗೆ ಬಂತು. 2008ರ ಜನವರಿಯಲ್ಲಿ ಹೊನ್ನಾಳಿಯಲ್ಲಿ ಬೈಕು ಕಳವಿನ ಸಂಶಯದ ಮೇಲೆ ಇಬ್ಬರು ತರುಣರನ್ನು ಪೊಲೀಸರು ಹಿಡಿದರು. ಅವರಲ್ಲೊಬ್ಬ ನಮ್ಮ ವಿದ್ಯಾನಗರದ ಕಿಮ್ಸ್ ವಿದ್ಯಾರ್ಥಿ. ಮುಂದೆ ಇನ್ನಷ್ಟು ಬಂಧನಗಳಾದವು. ಭಯೋತ್ಪಾದನೆಯ ಸಂಚಿನ ಮೊಕದ್ದಮೆಯಾಯಿತು. ದಿನಾಲೂ ಪತ್ರಿಕೆಗಳಲ್ಲಿ ವಿದ್ಯಾನಗರದ ಹೆಸರು. ಬೀದಿಯ ಮನೆಮಾಲೀಕರೆಲ್ಲ ಸಂಜೆ ಗೇಟಿನ ಬಳಿ ನಿಂತು ಪಿಸುಗುಟ್ಟತೊಡಗಿದರು.

ಫೆಬ್ರವರಿಯ ಒಂದು ಸಂಜೆ ಒಬ್ಬ ಹುಡುಗ ನಮ್ಮ ಮನೆಯ ಬಾಗಿಲಿಗೆ ಬಂದ. ಸವಣೂರಿನ ಕಡೆಯವನು, ಎಂಟನೆಯ ತರಗತಿಯಲ್ಲಿ ನನ್ನಲ್ಲಿ ವಿಜ್ಞಾನ ಕಲಿತಿದ್ದ. ದರ್ಜಿಯ ಮಗ. ಪ್ರಯೋಗಾಲಯದಲ್ಲಿ ಗಾಜಿನ ನಳಿಕೆಗಳನ್ನು ಯಾರೂ ಹೇಳದೆಯೇ ತೊಳೆದು ಒರೆಸಿ ಇಡುತ್ತಿದ್ದವನು. ಆಗ ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದ. ಇದ್ದ ಖೋಲಿಯನ್ನು ಮಾಲೀಕರು ಬಿಡಿಸಿದ್ದರು. "ಸರ್, ಮ್ಯಾಲಿನ ಖೋಲಿ ಖಾಲಿ ಐತಂತ ಗೊತ್ತಾತ್ರಿ. ಒಂದು ವರ್ಷಕ್ಕ ಬೇಕಾಗಿತ್ರಿ" ಎಂದ.

ನಾನು ಅಂದೆ: "ಇಲ್ಲಪಾ, ನಮ್ಮ ಅಕ್ಕನ ಮಗ ಬರಾಂವ ಅದಾನ."

"ಆತ್ರಿ ಸರ್, ಬರ್ತೀನ್ರಿ" ಎಂದು ಕೈಮುಗಿದು ಹೋದ. ಒಳಗಿನಿಂದ ಎಲ್ಲವನ್ನೂ ಕೇಳಿದ್ದ ನನ್ನ ಹೆಂಡತಿ ಚಹಾ ತಂದಿಟ್ಟು, "ಅಕ್ಕನ ಮಗ ಯಾವಾಗ ಬರ್ತಾನ್ರೀ?" ಎಂದಳು. ನಾನು ಪತ್ರಿಕೆ ಎತ್ತಿಕೊಂಡೆ. ನನ್ನ ಅಕ್ಕನಿಗೆ ಗಂಡುಮಕ್ಕಳಿಲ್ಲ.

ಖೋಲಿ ಜೂನ್ ತನಕ ಖಾಲಿ ಇತ್ತು. ಆ ಹುಡುಗ ಹಳೇ ಹುಬ್ಬಳ್ಳಿಯಲ್ಲಿ ಜಾಗ ಹಿಡಿದು, ದಿನಾ ಎರಡು ಬಸ್ಸು ಬದಲಿಸಿ ಕಾಲೇಜಿಗೆ ಬರುತ್ತಾನೆಂದು ಬೇರೊಬ್ಬ ವಿದ್ಯಾರ್ಥಿಯಿಂದ ತಿಳಿಯಿತು.

ಅಂದು ನನ್ನನ್ನು ನಾನು ಸಮರ್ಥಿಸಿಕೊಂಡ ರೀತಿ ಈಗಲೂ ನೆನಪಿದೆ. ಕಾಲ ಸರಿಯಿಲ್ಲ, ಪೊಲೀಸರು ಮನೆಗೆ ಬಂದರೆ ಮರ್ಯಾದೆ ಏನಾಗಬೇಕು, ಬೆಳೆದ ಮಗಳಿರುವ ಮನೆ. ಪ್ರತಿಯೊಂದೂ ತೂಕವುಳ್ಳ ಮಾತಾಗಿಯೇ ಕಂಡಿತ್ತು. ಆದರೆ ದಮ್ಮಾಮಿನ ಆ ಎರಡು ಕೋಣೆಗಳ ಮನೆಯಲ್ಲಿಯೂ ಇವೇ ಕಾರಣಗಳಿದ್ದವು. ಅಲ್ಲಿ ಹೆಂಡತಿ ಇದ್ದಳು, ಚಿಕ್ಕ ಮಕ್ಕಳಿದ್ದರು, ಹೊರಗೆ ಬಂದೂಕುಗಳೂ ಇದ್ದವು. ನನ್ನ ಪರಿಚಯವೇ ಇಲ್ಲದವರು ಅಣ್ಣನ ಒಂದು ಮಾತಿಗೆ ಬಾಗಿಲು ತೆರೆದರು. ನಾನು ಒಂದು ವರ್ಷ ಪಾಠ ಹೇಳಿದ ಹುಡುಗನಿಗೆ, ಆ ದೇಶದಲ್ಲಿ ಗಳಿಸಿದ ಹಣದಿಂದಲೇ ಕಟ್ಟಿದ ಖೋಲಿಯ ಬಾಗಿಲನ್ನು ತೆರೆಯಲಿಲ್ಲ.

ಆ ವರ್ಷದ ಮೇ 10ರಂದು ನಮ್ಮ ಹುಬ್ಬಳ್ಳಿಯ ನ್ಯಾಯಾಲಯದಲ್ಲಿಯೇ ಸ್ಫೋಟವಾಯಿತು. ಅಂದು ಶನಿವಾರ, ನ್ಯಾಯಾಲಯ ನಡೆಯುತ್ತಿರಲಿಲ್ಲವಾಗಿ ಯಾರ ಜೀವಕ್ಕೂ ಅಪಾಯವಾಗಲಿಲ್ಲ. ನಮ್ಮ ಬೀದಿ ಒಂದೇ ಕಡೆ ಬೆರಳು ತೋರಿಸಿತು, ನಾನೂ ತೋರಿಸಿದೆ. ಮರುವರ್ಷದ ಜನವರಿಯಲ್ಲಿ ಪೊಲೀಸರು ಆ ಪ್ರಕರಣದಲ್ಲಿ ಹಿಡಿದ ತಂಡದವರ ಹೆಸರುಗಳನ್ನು ಓದಿದಾಗ ನಾವು ಬೆರಳು ತೋರಿಸಿದ ಕಡೆಯವು ಅವು ಆಗಿರಲಿಲ್ಲ. ಅದರ ಬಗ್ಗೆ ಗೇಟಿನ ಬಳಿ ಮಾತು ನಡೆಯಲಿಲ್ಲ. 2008ರ ಸಂಚಿನ ಮೊಕದ್ದಮೆ ಏಳು ವರ್ಷ ನಡೆದು, 2015ರಲ್ಲಿ ಹುಬ್ಬಳ್ಳಿಯ ನ್ಯಾಯಾಲಯ 17 ಆರೋಪಿಗಳನ್ನೂ ಬಿಡುಗಡೆ ಮಾಡಿತು. ಅವರಲ್ಲಿ ಕೆಲವರ ಮೇಲೆ ಬೇರೆ ಊರುಗಳಲ್ಲಿ ಬೇರೆ ಮೊಕದ್ದಮೆಗಳಿದ್ದವು. ಅದು ಆಯಾ ನ್ಯಾಯಾಲಯಗಳಿಗೆ ಬಿಟ್ಟ ವಿಷಯ. ನನ್ನ ಮಾತು ಆರೋಪಿಗಳ ಕುರಿತಾದದ್ದಲ್ಲ. ಯಾವ ಆರೋಪವೂ ಇಲ್ಲದೆ, ಹೆಸರೊಂದರ ಕಾರಣಕ್ಕೆ ಖೋಲಿ ಕಳೆದುಕೊಂಡವರ ಕುರಿತಾದದ್ದು.

ಓದುಗರಲ್ಲಿ ಕೆಲವರು ಕೇಳಬಹುದು: ಎಚ್ಚರಿಕೆ ತಪ್ಪೇ? ಗ್ಲಾಸ್ಗೋ ನಡೆದದ್ದು ನಿಜವಲ್ಲವೇ? ನಿಜ, ಎಚ್ಚರಿಕೆ ಬೇಕು. ಆದರೆ ಎಚ್ಚರಿಕೆಗೂ ಜಾತಿ ನೋಡಿ ಬಾಗಿಲು ಹಾಕುವುದಕ್ಕೂ ವ್ಯತ್ಯಾಸವಿದೆ. ಬಾಡಿಗೆಗೆ ಬಂದವನ ಕಾಲೇಜಿನ ಗುರುತಿನ ಚೀಟಿ ನೋಡಿ, ಪಾಲಕರೊಡನೆ ಮಾತಾಡಿ, ಠಾಣೆಗೆ ಮಾಹಿತಿ ಕೊಡಬೇಕಿದ್ದರೆ ಕೊಡಿ. ಅದನ್ನು ಎಲ್ಲರಿಗೂ ಮಾಡಿ. ಅವನ ನಡತೆಯಲ್ಲಿ ಸಂಶಯ ಕಂಡರೆ ಹೇಳಬೇಕಾದವರಿಗೆ ಹೇಳಿ. ಹೆಸರು ಕೇಳಿದೊಡನೆ ಇಲ್ಲದ ಅಕ್ಕನ ಮಗನನ್ನು ಸೃಷ್ಟಿಸಿದರೆ ಯಾವ ಭಯೋತ್ಪಾದಕನೂ ಸಿಕ್ಕಿಬೀಳುವುದಿಲ್ಲ. ಓದುವ ಹುಡುಗನೊಬ್ಬ ತನ್ನ ಊರಿನಲ್ಲೇ ಪರದೇಶದವನಾಗುತ್ತಾನೆ, ಅಷ್ಟೆ.

2001ರ ಸೆಪ್ಟೆಂಬರ್ 11ರ ದಾಳಿಯಾದ ನಾಲ್ಕೇ ದಿನಗಳಲ್ಲಿ ಅಮೆರಿಕದ ಅರಿಜೋನಾದಲ್ಲಿ ಬಲಬೀರ್ ಸಿಂಗ್ ಸೋಧಿ ಎಂಬ ಪೆಟ್ರೋಲ್ ಬಂಕಿನ ಮಾಲೀಕರನ್ನು ಒಬ್ಬ ಗುಂಡಿಟ್ಟು ಕೊಂದ. ರುಮಾಲು, ಗಡ್ಡ ನೋಡಿ ಅರಬ್ಬನೆಂದು ಬಗೆದನಂತೆ. ಆಗ ನಾವೆಲ್ಲ ಎಷ್ಟು ಕೆರಳಿದ್ದೆವು! ಪರದೇಶದಲ್ಲಿರುವ ನಮ್ಮ ಮಕ್ಕಳನ್ನು ಯಾರಾದರೂ ಚರ್ಮದ ಬಣ್ಣ ನೋಡಿ ಅಳೆದರೆ ಇಂದಿಗೂ ಕೆರಳುತ್ತೇವೆ, ಕೆರಳಬೇಕಾದದ್ದೇ. ವಿದ್ಯಾನಗರದ ಬಹುತೇಕ ಮನೆಗಳಲ್ಲಿ ಒಬ್ಬ ಮಗನೋ ಮಗಳೋ ಹೊರದೇಶದಲ್ಲಿದ್ದಾರೆ. ಅವರಿಗೆ ಅಲ್ಲಿ ಸಿಗಲಿ ಎಂದು ನಾವು ಬಯಸುವ ನ್ಯಾಯವನ್ನು ನಮ್ಮ ಗೇಟಿನೊಳಗೆ ಕೊಡದಿದ್ದರೆ ಆ ಕೆರಳಿಕೆಗೆ ಬೆಲೆಯೇನು?

ಅಲ್-ಖೋಬರಿನಲ್ಲಿ ಬಂದೂಕು ಹಿಡಿದವರು ಮಾಡಿದ್ದು ಒಂದು ವಿಂಗಡಣೆ. ನೀನು ಇವನೋ ಅವನೋ ಎಂಬ ಒಂದೇ ಪ್ರಶ್ನೆ. ನನ್ನ ಕೈಯಲ್ಲಿ ಬಂದೂಕಿರಲಿಲ್ಲ, ಬಾಡಿಗೆಯ ಖೋಲಿಯ ಬೀಗದ ಕೈ ಇತ್ತು. ಆದರೂ ನಾನು ಮನಸ್ಸಿನಲ್ಲಿ ಕೇಳಿಕೊಂಡದ್ದು ಅದೇ ಪ್ರಶ್ನೆ. ಎರಡು ತಪ್ಪುಗಳೂ ಸಮವೆಂದು ಹೇಳುತ್ತಿಲ್ಲ. ಆದರೆ ಭಯ ಹುಟ್ಟಿಸುವವರಿಗೆ ಬೇಕಾದದ್ದು ನಾವೂ ಆ ಪ್ರಶ್ನೆಯನ್ನು ಕೇಳತೊಡಗುವುದೇ. ಅಷ್ಟರ ಮಟ್ಟಿಗೆ ಅವರು ನನ್ನ ಮನೆಯಲ್ಲಿ ಗೆದ್ದಿದ್ದರು.

2020ರಲ್ಲಿ ನಾನು ನಿವೃತ್ತನಾದೆ. ಮೇಲಿನ ಖೋಲಿಗೆ ಈಗ ನಮ್ಮ ನಿಯಮ ಒಂದೇ: ಯಾರು ಮೊದಲು ಬಂದು ಮುಂಗಡ ಕೊಟ್ಟರೋ ಅವರಿಗೆ, ಕಾಗದಪತ್ರ ಎಲ್ಲರಿಗೂ ಸಮ. ಹೀಗೆ ಮಾಡಿದ ಮಾತ್ರಕ್ಕೆ ಹಳೆಯದು ತೀರಿತೆಂದು ಭಾವಿಸಿಲ್ಲ. ಆ ಹುಡುಗ ಈಗ ಹೊರದೇಶದಲ್ಲಿ ಎಂಜಿನಿಯರ್ ಆಗಿದ್ದಾನೆಂದು ಕೇಳಿದ್ದೇನೆ. ಅಲ್ಲಿ ಅವನು ಮನೆ ಹುಡುಕಿಕೊಂಡು ಹೋದಾಗ ಬಾಗಿಲು ತೆರೆದವರು ಅವನ ಹೆಸರು ಕೇಳಿದ ಮೇಲೂ ಒಳಗೆ ಕರೆದಿರಲಿ ಎಂದು ಹಾರೈಸುತ್ತೇನೆ. ಅವನ ವಿಜ್ಞಾನದ ಮೇಷ್ಟ್ರು ಅಂದು ಹೇಳಿದ್ದು ಸುಳ್ಳು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.